ನೆಚ್ಚಿನದು ಬೇರೆ, ನೆಚ್ಚಬಹುದಾದದ್ದು ಬೇರೆ

"ಇಂಟೆಲ್ಲೇ ಜಾಸ್ತಿ ವಿಶ್ವಾಸಾರ್ಹ, ಎಲ್ಲರ ಹತ್ತಿರ ಅದೇ ಇದೆಯಲ್ಲ." ಕಂಪ್ಯೂಟರಿನ ಮುಖ್ಯ ಚಿಪ್ ಆದ ಪ್ರೊಸೆಸರ್ ಮಾತು ಬಂದಾಗಲೆಲ್ಲ ಇದನ್ನು ಓದಿ ಓದಿ ಸಾಕಾಗಿದೆ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಮಾರುಕಟ್ಟೆ ಪಾಲು ಏರುತ್ತಿದ್ದಂತೆ ಹೆಸರು ಬದಲಿಸಿ ಅದೇ ಮಾತಾಡುವವರೂ ಬಂದಿದ್ದಾರೆ.

ವಿಶ್ವಾಸಾರ್ಹದಲ್ಲಿ 'ಅರ್ಹ' ಇದೆ, ಅಲ್ವಾ? ನಾವು ನಂಬಿದ್ದೇವೆಯೇ ಅನ್ನುವುದು ಒಂದು ಪ್ರಶ್ನೆ, ನಂಬಲು ಅದು ತಕ್ಕದ್ದೇ ಅನ್ನುವುದು ಇನ್ನೊಂದು. ಈ ಗೊಂದಲ ನಮ್ಮ 'ನೆಚ್ಚು' ಪದದಲ್ಲೇ ಚೆನ್ನಾಗಿ ಕಾಣುತ್ತದೆ. ನೆಚ್ಚು ಅಂದರೆ ನಂಬು. 'ಮಳೆ ನೆಚ್ಚಿಕೊಂಡು ಬಿತ್ತಿದರು' ಅನ್ನುವಾಗ ಆ ಅರ್ಥ ಇನ್ನೂ ಇದೆ. ನೆಚ್ಚಿನ ಬಂಟ ಅಂದರೆ ಒಡೆಯ ನಂಬಿದ ಬಂಟ. ಆದರೆ ನೆಚ್ಚಿನ ನಟ, ನೆಚ್ಚಿನ ತಿಂಡಿ ಅನ್ನುವಾಗ ನಂಬಿಕೆಯ ಮಾತೇ ಇಲ್ಲ, ಬರೀ ಇಷ್ಟ. ಪದ ನಂಬಿಕೆಯಿಂದ ಮೆಚ್ಚುಗೆಗೆ ಜಾರಿತು. ಪ್ರೊಸೆಸರ್ ಕೊಳ್ಳುವವರು ಜಾರುವುದು ಹಿಮ್ಮುಖವಾಗಿ: ಹೆಚ್ಚು ಜನ ಮೆಚ್ಚಿ ಕೊಂಡದ್ದು ನಂಬಲು ತಕ್ಕದ್ದು ಅಂದುಬಿಡುತ್ತಾರೆ.

ಮಾರುಕಟ್ಟೆ ಪಾಲು ಹೇಳುವುದು ಎಷ್ಟು ಮಾರಾಟವಾಯಿತು ಎಂದು. ವಿಶ್ವಾಸಾರ್ಹತೆ ಕೇಳುವುದು ಮಾರಿದ್ದರಲ್ಲಿ ಎಷ್ಟು ಕೆಟ್ಟವು ಎಂದು. ಒಂದು ಕಂಪನಿಯವು 80, ಇನ್ನೊಂದರವು 20 ಮಾರಾಟವಾಗಿ, ಎರಡರಲ್ಲೂ 20ಕ್ಕೆ ಒಂದು ಕೆಟ್ಟಿತು ಅಂದುಕೊಳ್ಳಿ. ದೂರುಗಳು 4 ಮತ್ತು 1. ದೂರು ಎಣಿಸುವವನಿಗೆ ದೊಡ್ಡ ಕಂಪನಿ ಕೆಟ್ಟದ್ದು, ಓಡುತ್ತಿರುವ 76 ನೋಡುವವನಿಗೆ ಅದೇ ಗಟ್ಟಿ, ಇನ್ನು ಗೊತ್ತಿರುವವರಲ್ಲಿ ಚಿಕ್ಕ ಕಂಪನಿಯದು ಇರುವುದು ಒಬ್ಬರ ಹತ್ತಿರ ಮಾತ್ರ, ಅದೇ ಕೆಟ್ಟಿತು ಅಂದರೆ ಆ ಹೆಸರಿಗೇ ಮಸಿ.

ಪಾಲಿನಿಂದ ಒಂದು ನಿಜವಾದ ಲಾಭವಿದೆ. ಸಾಫ್ಟ್‌ವೇರ್ ಮಾಡುವವರು ಹೆಚ್ಚು ಬಳಕೆಯ ಚಿಪ್ ಮೇಲೆ ಜಾಸ್ತಿ ಪರೀಕ್ಷೆ ಮಾಡುತ್ತಾರೆ. ಅದು ಚಿಪ್ಪಿನ ಗುಣವಲ್ಲ.

1994ರಲ್ಲಿ ಇಂಟೆಲ್ ಮಾರುಕಟ್ಟೆಯ ದೊರೆ. ಆಗಲೇ ಅದರ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳಲ್ಲಿ ತಪ್ಪುತ್ತದೆ ಎಂದು ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಕಂಡುಹಿಡಿದರು. ಮಾಮೂಲಿ ಬಳಕೆಗೆ ತೊಂದರೆಯಿಲ್ಲ ಎಂದ ಕಂಪನಿ, ಕೊನೆಗೆ ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡಲು ಒಪ್ಪಿ 47.5 ಕೋಟಿ ಡಾಲರ್ ಖರ್ಚು ತೋರಿಸಿತು. ಚಿಕ್ಕ ಪಾಲಿನ ಎಎಂಡಿಯ ಫೆನಮ್ ಚಿಪ್‌ನಲ್ಲೂ 2007ರಲ್ಲಿ ದೋಷ ಸಿಕ್ಕಿತು, ಅದಕ್ಕೆ ಹಾಕಿದ ಸಾಫ್ಟ್‌ವೇರ್ ತೇಪೆ ಚಿಪ್ಪಿನ ವೇಗವನ್ನೇ ತಗ್ಗಿಸಿತು. 2023ರಲ್ಲಿ ಎಎಂಡಿಯ ಕೆಲವು ರೈಜೆನ್ 7000 ಚಿಪ್‌ಗಳು ವೋಲ್ಟೇಜ್ ಹೆಚ್ಚಾಗಿ ಸುಟ್ಟವು. 2024ರಲ್ಲಿ ಇಂಟೆಲ್‌ನ 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು ಕ್ರ್ಯಾಶ್ ಆಗುವುದು ದೊಡ್ಡ ಸುದ್ದಿಯಾಗಿ, ವಾರಂಟಿಯನ್ನು 2 ವರ್ಷ ಹೆಚ್ಚಿಸಬೇಕಾಯಿತು. ಅದೇ ಕಂಪನಿಯ 12ನೇ ತಲೆಮಾರಿಗೆ ಆ ದೋಷ ಇರಲಿಲ್ಲ.