ಗುಮ್ಮಟದ ಮನೆ: ಹೊರಮೈ ಲೆಕ್ಕ

ಗುಮ್ಮಟದ ಮನೆಗೆ ಹೊರಮೈ ಕಡಿಮೆ, ಅದಕ್ಕೇ ಒಳಗಿನ ತಂಪಾಗಲಿ ಬೆಚ್ಚಗಾಗಲಿ ಬೇಗ ಹೋಗುವುದಿಲ್ಲ ಎಂದು ಓದಿ ಹಾಗೇ ನಂಬಿದ್ದೆ. ಲೆಕ್ಕ ಹಾಕಿದರೆ ಒಂದು ಸಲ ಸರಿ ಬಂತು, ಇನ್ನೊಂದು ಸಲ ಉಲ್ಟಾ ಬಂತು. ಎರಡು ದಿನ ಅಲ್ಲೇ ಸಿಕ್ಕಿಕೊಂಡಿದ್ದೆ.

ಎರಡು ಮನೆ ತಗೊಳ್ಳಿ. ಎರಡಕ್ಕೂ ಒಂದೇ ಅಳತೆಯ ಗುಂಡು ನೆಲ. ಒಂದು ಅರ್ಧಗೋಳ. ಇನ್ನೊಂದಕ್ಕೆ 10 ಅಡಿ ಗೋಡೆ, ಮೇಲೆ ಚಪ್ಪಟೆ ತಾರಸಿ. ಬಿಸಿಲು, ಗಾಳಿ ತಾಗುವ ಭಾಗ ಮಾತ್ರ ಲೆಕ್ಕಕ್ಕೆ, ನೆಲ ಬೇಡ.

ಅರ್ಧಗೋಳದ ಹೊರಮೈ ಯಾವಾಗಲೂ ನೆಲದ ಎರಡರಷ್ಟು. ತ್ರಿಜ್ಯ 10 ಅಡಿ ಆದರೆ 628 ಚದರಡಿ. ತಾರಸಿ ಮನೆಗೆ ತಾರಸಿ 314, ಗೋಡೆ 628, ಒಟ್ಟು 942. ಗುಮ್ಮಟ ಗೆದ್ದಿತು.

ಈಗ ತ್ರಿಜ್ಯ 25 ಅಡಿ ಮಾಡಿ. ಗುಮ್ಮಟಕ್ಕೆ 3925 ಚದರಡಿ. ತಾರಸಿ ಮನೆಗೆ ಸುಮಾರು 3532 ಅಷ್ಟೇ! ಗುಮ್ಮಟ ಅಗಲವಾದಷ್ಟೂ ಎತ್ತರವೂ ಆಗುತ್ತದೆ, ತಾರಸಿ ಮನೆ 10 ಅಡಿಯಲ್ಲೇ ನಿಲ್ಲುತ್ತದೆ. ನಾನು ಎಡವಿದ್ದು ಇಲ್ಲೇ. "ಹೊರಮೈ ಕಡಿಮೆ" ಅನ್ನುವ ಮಾತು ಒಂದೇ ಘನಫಲದ ಮನೆಗಳಿಗೆ. ನಾನು ಹೋಲಿಸಿದ್ದು ಒಂದೇ ನೆಲದ ಮನೆಗಳನ್ನು. ನೆಲವೂ ಘನಫಲವೂ ಎರಡೂ ಒಂದೇ ಇಟ್ಟರೆ ಗುಮ್ಮಟದ ಹೊರಮೈ ಏಳರಲ್ಲಿ ಒಂದು ಪಾಲು ಕಡಿಮೆ, ಅಳತೆ ಎಷ್ಟೇ ಇರಲಿ.

ನನಗೆ ತುಂಬಾ ಇಷ್ಟವಾದ ಸುಲಭ ದಾರಿ: ಗೋಡೆಯ ಎತ್ತರ ತ್ರಿಜ್ಯದ ಅರ್ಧ ಆದಾಗ ಎರಡೂ ಸಮ. 10 ಅಡಿ ಗೋಡೆಗೆ ತ್ರಿಜ್ಯ 20 ಅಡಿ. ಅದಕ್ಕಿಂತ ಚಿಕ್ಕದಾದರೆ ಗುಮ್ಮಟ ಲಾಭ. ದೊಡ್ಡದಾದರೆ ಆ ಎತ್ತರದಲ್ಲಿ ಅಟ್ಟ ಹಾಕಿ ಬಳಸಬೇಕು. ಇಲ್ಲದಿದ್ದರೆ ಬಿಸಿ ಗಾಳಿ ಮೇಲೆ ಸೇರಿಕೊಳ್ಳುತ್ತದೆ, ಚಳಿಗಾಲದಲ್ಲಿ ಕೆಳಗೆ ಕೂತವರಿಗೆ ಚಳಿಯೇ.

ಟರ್ಕಿಯ ಹರಾನ್ ಊರಿನ ಜೇನುಗೂಡಿನಂಥ ಮನೆಗಳು ಆಗ ಅರ್ಥವಾದವು. ಅಲ್ಲಿ ಒಂದು ಮನೆಗೆ ಒಂದೇ ದೊಡ್ಡ ಗುಮ್ಮಟ ಇಲ್ಲ. ಚಿಕ್ಕ ಚಿಕ್ಕ ಕೋಣೆ, ಪ್ರತಿ ಕೋಣೆಗೂ ಅದರದ್ದೇ ಮೊನಚು ಗುಮ್ಮಟ. ಮರ ಸಿಗದ ಒಣ ನಾಡು, ತೊಲೆ ಇಲ್ಲದೆ ಸೂರು ನಿಲ್ಲಬೇಕಲ್ವಾ? ಇಟ್ಟಿಗೆಯಲ್ಲಿ ಕಟ್ಟಿ ಮಣ್ಣು ಬಳಿದಿದ್ದಾರೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ತಾನೇ ಹಿಡಿದುಕೊಂಡು ತಡವಾಗಿ ಒಳಗೆ ಬಿಡುತ್ತದೆ. ತುದಿಯ ಕಿಂಡಿಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ.