ಬೈಕಿಗೆ ಬೇರೆ ಜಿಪಿಎಸ್ ಬೇಕೇ, ಮೊಬೈಲೇ ಸಾಕೇ?

ಪ್ರಶ್ನೆ: ನಾನು ಹಾಸನದವನು. 350 ಸಿಸಿ ಬೈಕ್ ಇದೆ. ರಜೆ ಸಿಕ್ಕಾಗಲೆಲ್ಲ ಘಟ್ಟದ ಕಡೆ ಹೋಗುತ್ತೇನೆ. ಮುಂದಿನ ವರ್ಷ ಗೆಳೆಯರ ಜೊತೆ ಲಡಾಖಿಗೆ ಹೋಗುವ ಆಸೆಯಿದೆ. ಬೈಕಿಗೊಂದು ಜಿಪಿಎಸ್ ಹಾಕಿಸೋಣ ಎಂದು ಆನ್‌ಲೈನಿನಲ್ಲಿ ಹುಡುಕಿದರೆ ಎರಡು ಸಾವಿರದ್ದೂ ಇದೆ, ಒಳ್ಳೆಯ ಮೊಬೈಲಿನಷ್ಟೇ ಬೆಲೆಯದ್ದೂ ಇದೆ. ಯಾವುದು ತಗೊಳ್ಳಲಿ?

ಉತ್ತರ: ಮೊದಲು ಆ ಎರಡು ಸಾವಿರದ ಡಬ್ಬಿಯ ವಿಷಯ ಮುಗಿಸಿಬಿಡೋಣ. ಅದು ನಿಮಗೆ ದಾರಿ ತೋರಿಸುವುದಿಲ್ಲ. ನಿಮ್ಮ ಬೈಕ್ ಎಲ್ಲಿದೆ ಎಂದು ನಿಮ್ಮ ಮೊಬೈಲಿಗೆ ಹೇಳುತ್ತದೆ, ಅಷ್ಟೇ. ಅದಕ್ಕೆ ಟ್ರ್ಯಾಕರ್ ಎನ್ನುತ್ತಾರೆ. ಕಳ್ಳತನದ ಭಯ ಇರುವವರಿಗೆ ಅದು ಒಳ್ಳೆಯದೇ. ಆದರೆ ಕೊಳ್ಳುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಅಗ್ಗದ ಟ್ರ್ಯಾಕರುಗಳಲ್ಲಿ ಎಷ್ಟೋ 2ಜಿ ಜಾಲದ ಮೇಲೆ ಕೆಲಸ ಮಾಡುವಂಥವು, ಜಿಯೋಗೆ 2ಜಿ ಇಲ್ಲ, ಆದ್ದರಿಂದ ಅವುಗಳಿಗೆ ಜಿಯೋ ಸಿಮ್ ಹಾಕಿದರೆ ನಡೆಯುವುದಿಲ್ಲ. ಎರಡನೆಯದು ಬ್ಯಾಟರಿ. ಬೈಕ್ ನಿಂತಿದ್ದರೂ ಟ್ರ್ಯಾಕರ್ ಕರೆಂಟ್ ಎಳೆಯುತ್ತಲೇ ಇರುತ್ತದೆ. 20 ಮಿಲಿಆಂಪ್ ಎಳೆಯಿತು ಅಂದುಕೊಳ್ಳಿ, ದಿನಕ್ಕೆ ಸುಮಾರು ಅರ್ಧ ಆಂಪ್-ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಎನ್ನುವ ಅಳತೆ) ಆಯಿತು. 3 ಆಂಪ್-ಅವರ್ ಬ್ಯಾಟರಿಯ ಸಣ್ಣ ಬೈಕ್ ವಾರ ತುಂಬುವ ಮೊದಲೇ ಸ್ಟಾರ್ಟ್ ಆಗುವುದಿಲ್ಲ. ನಿಮ್ಮ ಬೈಕಿನ ಬ್ಯಾಟರಿ ದೊಡ್ಡದು, ಆದರೂ ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದರೆ ತೊಂದರೆಯೇ.

ಇನ್ನು ನೀವು ನಿಜವಾಗಿ ಕೇಳಿದ್ದು, ದಾರಿ ತೋರಿಸುವ ಸಾಧನ. ನನ್ನ ಉತ್ತರ ನೇರವಾಗಿ ಹೇಳುತ್ತೇನೆ: ಕರ್ನಾಟಕದ ಒಳಗೆ ಓಡಾಡಲು ನಿಮಗೆ ಹೊಸದೇನೂ ಬೇಡ. ಮೊಬೈಲ್ ಸಾಕು. ಅದನ್ನು ಹೇಗೆ ಸಿದ್ಧಮಾಡಿ, ಎಲ್ಲಿ, ಹೇಗೆ ಕೂರಿಸುತ್ತೀರಿ ಎನ್ನುವುದರಲ್ಲೇ ಎಲ್ಲ ಇದೆ.

ಘಟ್ಟಕ್ಕೆ ಹೋದರೆ ನೆಟ್‌ವರ್ಕ್ ಇರುವುದಿಲ್ಲ, ಆದ್ದರಿಂದ ಮೊಬೈಲಿನ ಜಿಪಿಎಸ್ ಸತ್ತುಹೋಗುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಹಾಗಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಸಮಯವನ್ನು ಸಾರುತ್ತಿರುತ್ತವೆ. ನಿಮ್ಮ ಮೊಬೈಲು ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಕೇಳಿಸಿಕೊಂಡು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಅದು ಬರೀ ಕೇಳುವ ಕೆಲಸ. ಅದಕ್ಕೆ ಸಿಮ್ ಬೇಡ, ಇಂಟರ್‌ನೆಟ್ ಬೇಡ. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯೂ ಹೀಗೆಯೇ ಕೆಲಸ ಮಾಡುತ್ತದೆ. ಅದರ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರಗಳಲ್ಲಿ ಒಂದು ನಿಮ್ಮ ಹಾಸನದಲ್ಲೇ ಇದೆ.

ನೆಟ್‌ವರ್ಕ್ ಹೋದಾಗ ಸಾಯುವುದು ನಕ್ಷೆ. ನನಗಿದು ಗೊತ್ತಾದದ್ದು ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುವಾಗ. ಜುಲೈ ತಿಂಗಳು, ಜಿಟಿಜಿಟಿ ಮಳೆ. ಕಾಫಿ ತೋಟದ ಮಧ್ಯೆ ದಾರಿ ಎರಡಾಗಿ ಒಡೆದ ಜಾಗದಲ್ಲಿ ನಿಂತು ನೋಡಿದರೆ, ನಾನಿರುವ ಜಾಗದ ನೀಲಿ ಚುಕ್ಕೆ ಪರದೆಯ ಮೇಲೆ ಸರಿಯಾಗಿ ಕೂತಿದೆ. ಸುತ್ತಲೂ ಬೂದುಬಣ್ಣದ ಖಾಲಿ ಚೌಕಗಳು. ಒಂದು ರಸ್ತೆಯೂ ಇಲ್ಲ, ಒಂದು ಊರಿನ ಹೆಸರೂ ಇಲ್ಲ. ಚುಕ್ಕೆ ಇದೆ, ಭೂಮಿ ಇಲ್ಲ. ತೋಟದ ಕೆಲಸ ಮುಗಿಸಿ ಬರುತ್ತಿದ್ದ ಒಬ್ಬ ಅಜ್ಜಿ ಮಳೆಗೆ ಹೊದ್ದುಕೊಂಡ ಗೊರಬಿನ ಒಳಗಿಂದಲೇ ಕೈ ತೋರಿಸಿ, ‘ಆ ಕಡೆ ಹೋದ್ರೆ ತೋಟದ ಗೇಟು ಮಗಾ, ಈ ಕಡೆ ಹೋಗು’ ಎನ್ನದಿದ್ದರೆ ಮೂರು ಕಿಲೋಮೀಟರ್ ಕೆಸರಲ್ಲಿ ಹೋಗಿ ವಾಪಸ್ ಬರುತ್ತಿದ್ದೆ.

ಅಂದು ಸಂಜೆಯೇ ಆಫ್‌ಲೈನ್ ನಕ್ಷೆ ಇಳಿಸಿಕೊಂಡೆ. ಗೂಗಲ್ ಮ್ಯಾಪ್ಸಿನಲ್ಲಿ ಬೇಕಾದಷ್ಟು ಪ್ರದೇಶ ಆರಿಸಿ ಮೊದಲೇ ಇಳಿಸಿಟ್ಟುಕೊಳ್ಳಬಹುದು. ಓಎಸ್‌ಎಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್‌ಗಳು ಜನರೇ ಸೇರಿ ತಯಾರಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಬಳಸುತ್ತವೆ. ತೋಟದ ದಾರಿ, ಕಾಡುದಾರಿಗಳು ಕೆಲವು ಕಡೆ ಅದರಲ್ಲೇ ಚೆನ್ನಾಗಿ ಸಿಗುತ್ತವೆ. ನಾನು ಗೂಗಲ್ ನಕ್ಷೆ, ಈ ನಕ್ಷೆ ಎರಡನ್ನೂ ಇಟ್ಟುಕೊಂಡಿದ್ದೇನೆ. ಇನ್ನೊಂದು ಮಾತು, ಹೊರಡುವ ಮೊದಲು ನೆಟ್‌ವರ್ಕ್ ಇರುವಲ್ಲೇ ಒಮ್ಮೆ ನಕ್ಷೆ ತೆರೆಯಿರಿ. ಉಪಗ್ರಹಗಳು ಎಲ್ಲೆಲ್ಲಿವೆ ಎಂಬ ಮಾಹಿತಿಯನ್ನು ಮೊಬೈಲ್ ಇಂಟರ್‌ನೆಟ್ಟಿನಿಂದ ಬೇಗ ಪಡೆದುಕೊಳ್ಳುತ್ತದೆ. ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ನಿಧಾನವಾಗಿ ಓದಬೇಕು, ಮರಗಳ ಅಡಿಯಲ್ಲಿ ನಿಮಿಷಗಟ್ಟಲೆ ಕಾಯಬೇಕಾಗುತ್ತದೆ.

ಮೊಬೈಲಿಗೆ ಬೈಕಿನ ಮೇಲೆ ಮೂರು ಶತ್ರುಗಳಿವೆ. ಬಿಸಿಲು ಮೊದಲನೆಯದು. ಐಫೋನನ್ನು 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಎಂದು ಆಪಲ್ಲೇ ಹೇಳುತ್ತದೆ. ಏಪ್ರಿಲಿನಲ್ಲಿ ಚಿತ್ರದುರ್ಗ ದಾಟುವಾಗ ಅದಕ್ಕಿಂತ ಮೇಲೇ ಇರುತ್ತದೆ. ಪರದೆ ತಾನೇ ಮಂಕಾಗುತ್ತದೆ, ಚಾರ್ಜ್ ನಿಲ್ಲುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಚೀಲದಲ್ಲಿ ಮುಚ್ಚಿಟ್ಟರಂತೂ ಒಲೆಯ ಮೇಲಿಟ್ಟ ಹಾಗೆ. ಬೇಸಿಗೆಯಲ್ಲಿ ಮೊಬೈಲಿಗೆ ಗಾಳಿ ತಾಗುವಂಥ ತೆರೆದ ಮೌಂಟ್ (ಹ್ಯಾಂಡಲ್‌ಬಾರಿನ ಮೇಲೆ ಮೊಬೈಲ್ ಹಿಡಿದಿಡುವ ಹಿಡಿಕೆ) ಇರಲಿ.

ಮಳೆ ಎರಡನೆಯದು. ಫೋನ್ ನೀರು ತಡೆಯುವಂಥದ್ದೇ ಆದರೂ ಹನಿ ಬಿದ್ದಾಗ ಪರದೆ ಅದನ್ನು ಬೆರಳೆಂದು ತಿಳಿಯುತ್ತದೆ. ನಕ್ಷೆ ತಾನೇ ದೊಡ್ಡದಾಗಿ ಚಿಕ್ಕದಾಗಿ, ಕೊನೆಗೆ ಯಾರಿಗೋ ಫೋನ್ ಹೋಗಿರುತ್ತದೆ. ಚಾರ್ಜಿಂಗ್ ತೂತಿಗೆ ನೀರು ಇಳಿದರೆ ಚಾರ್ಜೂ ಆಗುವುದಿಲ್ಲ. ಆಗುಂಬೆ, ಚಾರ್ಮಾಡಿಯಲ್ಲಿ ಮಳೆಗಾಲ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಮಳೆ ಶುರುವಾದರೆ ಮೊಬೈಲನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿ, ಹೆಲ್ಮೆಟ್ಟಿನೊಳಗಿನ ಬ್ಲೂಟೂತ್ ಇಂಟರ್‌ಕಾಮಿನಲ್ಲಿ ದಾರಿ ಕೇಳಿಸಿಕೊಳ್ಳುವುದು ನನ್ನ ಪದ್ಧತಿ. ನಿಮ್ಮ ಹಣ ಒಂದೇ ಕಡೆ ಖರ್ಚಾಗಬೇಕೆಂದರೆ ಜಿಪಿಎಸ್ಸಿಗಿಂತ ಮೊದಲು ಇಂಟರ್‌ಕಾಮ್ ತಗೊಳ್ಳಿ ಎನ್ನುತ್ತೇನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಪರದೆ ನೋಡಿದರೆ 33 ಮೀಟರ್ ರಸ್ತೆಯನ್ನು ನೋಡದೆಯೇ ದಾಟಿರುತ್ತೀರಿ. ಘಟ್ಟದ ಹಿಮ್ಮುರಿ ತಿರುವಿಗೆ ಅಷ್ಟು ಉದ್ದವೂ ಇರುವುದಿಲ್ಲ. ಕಾನೂನು ಕೂಡ ಇದನ್ನೇ ಹೇಳುತ್ತದೆ: 2020ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮದಂತೆ ವಾಹನ ಓಡಿಸುವಾಗ ಮೊಬೈಲನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನ ಕೆಡದಂತೆ.

ಮೂರನೆಯದು ಅಲುಗಾಟ. ಮೋಟಾರ್‌ಸೈಕಲ್ ಎಂಜಿನ್ನಿನ ಕಂಪನ ಐಫೋನ್ ಕ್ಯಾಮೆರಾವನ್ನು ಹಾಳುಮಾಡಬಹುದು ಎಂದು 2021ರಲ್ಲಿ ಆಪಲ್ ಎಚ್ಚರಿಸಿತು. ಚಿತ್ರ ಅಲುಗದಂತೆ ಹಿಡಿಯುವ ಸೂಕ್ಷ್ಮ ಭಾಗಗಳಿಗೆ ಪೆಟ್ಟು ಬೀಳುತ್ತದೆ. ಅಂಥ ಭಾಗಗಳಿರುವ ಎಲ್ಲ ಫೋನುಗಳಿಗೂ ಇದು ಅನ್ವಯ. ನಿಮ್ಮದು ಒಂಟಿ ಸಿಲಿಂಡರಿನ 350, ಹ್ಯಾಂಡಲ್‌ಬಾರ್ ಗುಡುಗುಡು ಎನ್ನುತ್ತಲೇ ಇರುತ್ತದೆ. ಕಂಪನ ತಡೆಯುವ ರಬ್ಬರ್ ಡ್ಯಾಂಪರ್ ಇರುವ ಮೌಂಟ್ ಹಾಕಿ. ಅದಕ್ಕಿಂತ ಒಳ್ಳೆಯ ದಾರಿ, ಮನೆಯ ಹಳೆಯ ಆಂಡ್ರಾಯ್ಡ್ ಫೋನಿಗೆ ನಕ್ಷೆ ಇಳಿಸಿ ಅದನ್ನೇ ಬೈಕಿನ ಮೇಲೆ ಕೂರಿಸಿ, ಒಳ್ಳೆಯ ಫೋನ್ ಜೇಬಿನಲ್ಲಿರಲಿ. ಸಿಮ್ ಇಲ್ಲದ ಫೋನ್ ಇದಕ್ಕೆ ಸಾಕು.

ಹಾಗಾದರೆ ಬೈಕಿಗೆಂದೇ ಮಾಡಿದ, ಗಾರ್ಮಿನ್ ಜೂಮೋದಂಥ ದುಬಾರಿ ಜಿಪಿಎಸ್ ಸಾಧನ ಯಾಕಿದೆ? ಮೇಲಿನ ಮೂರೂ ಕಷ್ಟಗಳಿಗೆ ಅದು ಉತ್ತರ. ಜೂಮೋ ಎಕ್ಸ್‌ಟಿಯ 5.5 ಇಂಚಿನ ಪರದೆ ನಡುಮಧ್ಯಾಹ್ನದಲ್ಲೂ ಕಾಣುತ್ತದೆ, ಗ್ಲೌಸ್ ಹಾಕಿದ ಬೆರಳಿಗೂ ಸ್ಪಂದಿಸುತ್ತದೆ. ಐಪಿಎಕ್ಸ್7 ಎಂಬ ಗುರುತಿದೆ, ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳುತ್ತದೆ. ಮೌಂಟಿಗೆ ನೇರ ಬ್ಯಾಟರಿಯಿಂದ ಫ್ಯೂಸ್ ಹಾಕಿದ ವೈರು ಬರುತ್ತದೆ, ನಕ್ಷೆ ಒಳಗೇ ಇರುತ್ತದೆ. ವರ್ಷಕ್ಕೆ ತಿಂಗಳುಗಟ್ಟಲೆ ರಸ್ತೆಯ ಮೇಲಿರುವವರಿಗೆ, ತಂಡ ಕಟ್ಟಿಕೊಂಡು ಹೋಗುವವರಿಗೆ ಅದು ಬೆಲೆಗೆ ತಕ್ಕದ್ದು. ವರ್ಷಕ್ಕೆ ನಾಲ್ಕೈದು ಸಲ ಘಟ್ಟ ಹತ್ತುವವರಿಗೆ ಅಲ್ಲ. ನೀವು ಹೊಸ ಬೈಕೇ ಕೊಳ್ಳುವುದಾದರೆ ಬೇರೆ ಮಾತು: ರಾಯಲ್ ಎನ್‌ಫೀಲ್ಡಿನ ಟ್ರಿಪ್ಪರ್ ಥರದ ಪುಟ್ಟ ಪರದೆ ಈಗ ಕೆಲವು ಬೈಕುಗಳ ಜೊತೆಗೇ ಬರುತ್ತದೆ, ಬಾಣದ ಗುರುತು ನೋಡಿ ತಿರುಗಲು ಚೆನ್ನಾಗಿದೆ. ಆದರೆ ಅದರ ಹಿಂದೆ ಕೆಲಸ ಮಾಡುವುದು ಜೇಬಿನಲ್ಲಿರುವ ಮೊಬೈಲೇ.

‘ಅಮೆರಿಕದಲ್ಲಿರುವ ಅಣ್ಣನ ಕೈಲಿ ತರಿಸುತ್ತೇನೆ, ಅಗ್ಗವಾಗುತ್ತದೆ’ ಎನ್ನುವವರು ಬಹಳ. ಅಲ್ಲಿ ಕೊಂಡ ಸಾಧನದಲ್ಲಿ ಅಲ್ಲಿನ ನಕ್ಷೆ ಇರುತ್ತದೆ, ಭಾರತದ್ದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಗಾರ್ಮಿನ್ ಇನ್‌ರೀಚ್‌ನಂಥ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ದಯವಿಟ್ಟು ತರಿಸಬೇಡಿ. ಅನುಮತಿಯಿಲ್ಲದೆ ಅದನ್ನು ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣಗಳಲ್ಲಿ ಪ್ರವಾಸಿಗರನ್ನು ಹಿಡಿದಿದ್ದಾರೆ. ಲಡಾಖಿನ ಗಡಿ ಪ್ರದೇಶದಲ್ಲಿ ಸಿಕ್ಕಿಬಿದ್ದರೆ ಇನ್ನೂ ಕಷ್ಟ.

ಲಡಾಖಿನ ವಿಷಯದಲ್ಲಿ ಇನ್ನೊಂದು: ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಆಫ್‌ಲೈನ್ ನಕ್ಷೆಯನ್ನು ಮನೆಯ ವೈಫೈನಲ್ಲೇ ಇಳಿಸಿ ಹೊರಡಿ. ದೊಡ್ಡ ಊರುಗಳ ಹೆಸರು, ಪೆಟ್ರೋಲ್ ಬಂಕುಗಳ ನಡುವಿನ ಅಂತರ ಒಂದು ಕಾಗದದಲ್ಲಿ ಬರೆದು ಟ್ಯಾಂಕ್ ಬ್ಯಾಗಿನಲ್ಲಿಡಿ.

ದುಡ್ಡು ಬಿಚ್ಚುವ ಮೊದಲು ಈ ಭಾನುವಾರ ಹೀಗೆ ಮಾಡಿ. ಹಾಸನದಿಂದ ಸಕಲೇಶಪುರ, ಅಲ್ಲಿಂದ ಮೂಡಿಗೆರೆ, ಬೇಲೂರಿನ ಮೇಲೆ ವಾಪಸ್. ಈ ಭಾಗದ ನಕ್ಷೆ ಇಳಿಸಿಕೊಂಡು, ಮನೆಯ ಗೇಟಿನಲ್ಲೇ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಹೆದ್ದಾರಿ ಬಿಟ್ಟು ಬೇಕೆಂದೇ ಎರಡು ತೋಟದ ರಸ್ತೆ ಹಿಡಿಯಿರಿ. ಸಂಜೆ ಮನೆಗೆ ಬಂದಾಗ ನಿಮ್ಮ ಫೋನು ಎಲ್ಲಿ ಕೈಕೊಟ್ಟಿತು ಎಂದು ಬರೆದಿಟ್ಟುಕೊಳ್ಳಿ. ಆ ಪಟ್ಟಿಯಲ್ಲಿ ಏನಿದೆಯೋ ಅದಕ್ಕಷ್ಟೇ ದುಡ್ಡು ಹಾಕಿ.