ಹೊಸಿಲೂ ಬೇಕು, ಎಡವಲೂಬಾರದು

ನಾನು ಸಿವಿಲ್ ಎಂಜಿನಿಯರ್. ಬಾಡಿಗೆ ಕಟ್ಟಲಾಗದ ವಯಸ್ಸಾದವರಿಗೆ ಮನೆ ಕಟ್ಟಬೇಕು, ಪ್ಲಾನ್ ಮಾಡಿಕೊಡಿ ಅಂತ ತುಮಕೂರಿನ ಸುತ್ತಮುತ್ತಲಿನ ಮಠ, ಚರ್ಚ್, ದೇವಸ್ಥಾನದ ಟ್ರಸ್ಟಿನವರು ಬರುತ್ತಾರೆ. ಮೊದಲು ಆರು ಮನೆ ಅನ್ನುತ್ತಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ ಇನ್ನೂ 20 ಬೇಕಾಗುತ್ತದೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅದರಲ್ಲಿ ಮಾತ್ರೆ ಕೊಳ್ಳಬೇಕಾ, ಬಾಡಿಗೆ ಕೊಡಬೇಕಾ?

ಜಾಸ್ತಿ ಜನ ಹಿಡಿಸಲಿ ಅಂತ ದೊಡ್ಡ ಹಾಲ್ ಕಟ್ಟಿ ಸಾಲಾಗಿ ಮಂಚ ಹಾಕೋಣ ಅಂದರೆ ನಾನು ಒಪ್ಪುವುದಿಲ್ಲ. ಚಿಕ್ಕದಾದರೂ ಪರವಾಗಿಲ್ಲ, ಒಬ್ಬೊಬ್ಬರಿಗೂ ಅವರದೇ ಬಾಗಿಲು, ಅವರದೇ ಬೀಗದ ಕೈ ಇರಬೇಕು.

ಒಂದು ಕಡೆ ಎಡವಿ ಬೀಳದಿರಲಿ ಅಂತ ಹೊಸಿಲು ಇಡದೆ ಕಟ್ಟಿಸಿದ್ದೆ. ಗಾಲಿಕುರ್ಚಿಗೆ ಇಳಿಜಾರೂ ಇತ್ತು, ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ್ದು. ಮನೆ ನೋಡಲು ಬಂದ ಅಜ್ಜಿಯೊಬ್ಬರು ಇಳಿಜಾರಿನ ಕಡೆ ನೋಡಲೇ ಇಲ್ಲ. ಬಾಗಿಲಲ್ಲಿ ನಿಂತು, "ಅಲ್ಲಪ್ಪಾ, ಹೊಸಿಲೇ ಇಲ್ವಲ್ಲ, ಅರಿಶಿನ ಎಲ್ಲಿ ಹಚ್ಚಲಿ?" ಅಂದರು. ನನಗೆ ಅದು ಹೊಳೆದೇ ಇರಲಿಲ್ಲ. ನೆಲ ಅಗೆಸಿ, ಟೈಲ್ಸಿಗೆ ಸಮವಾಗಿ ಒಂದು ಕರಿಕಲ್ಲಿನ ಪಟ್ಟಿ ಕೂರಿಸಿದೆ. ಮಾರನೇ ದಿನವೇ ಅದರ ಮೇಲೆ ಅರಿಶಿನ, ಕುಂಕುಮ, ಎರಡು ಕಣಗಿಲೆ ಹೂವು. ಅವತ್ತಿನಿಂದ ನನ್ನ ಎಲ್ಲ ಪ್ಲಾನಿನಲ್ಲೂ ಆ ಪಟ್ಟಿ ಇದೆ.

ಇನ್ನು ದುಡ್ಡಿನ ಮಾತು. ರೂಮು ಕಟ್ಟಿಸಿ ಹೆಸರಿನ ಕಲ್ಲು ಹಾಕಿಸುವ ದಾನಿಗಳು ಸಿಗುತ್ತಾರೆ. ಊಟಕ್ಕೂ ಅಷ್ಟು ಕಷ್ಟವಿಲ್ಲ. ಸಿದ್ಧಗಂಗೆಯ ದಾಸೋಹ ನೋಡಿ ಬೆಳೆದ ಜಿಲ್ಲೆ ಇದು, ಸುಗ್ಗಿ ಮುಗಿದರೆ ರಾಗಿ, ತೆಂಗಿನಕಾಯಿ ತಾನಾಗೇ ಬರುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಕೈಹಿಡಿದು ಕರೆದೊಯ್ಯುವವರ ಸಂಬಳಕ್ಕೆ ಯಾರೂ ದಾನ ಕೊಡುವುದಿಲ್ಲ. ಸುಟ್ಟುಹೋದ ಮೋಟರಿಗೂ ಅಷ್ಟೇ. ಹಾಗಾಗಿ ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿ ಇಡದೆ ಹೊಸ ಸಾಲಿಗೆ ಪಾಯ ತೆಗೆಯಬೇಡಿ ಅಂತ ನಾನು ಹಟ ಹಿಡಿಯುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಆಗಲಿ.

ಒಂದು ಟ್ರಸ್ಟ್ ಈ ಮಾತು ಕೇಳಿ 14 ಮನೆಗೇ ನಿಲ್ಲಿಸಿತು. ಉಳಿದ ದುಡ್ಡಿನಲ್ಲಿ ರಾತ್ರಿಪಾಳಿಗೆ ಇಬ್ಬರನ್ನು ಇಟ್ಟುಕೊಂಡಿತು. ಹೋದ ವಾರ ಅಲ್ಲಿಗೆ ಹೋಗಿದ್ದೆ. ಜಗಲಿಯಲ್ಲಿ ನಾಲ್ಕು ಜನ ಅಜ್ಜಿಯರು ದಾಸೋಹದ ಅಡುಗೆಗೆ ಸೊಪ್ಪು ಸೋಸುತ್ತಿದ್ದರು. ಒಬ್ಬರ ಸೆರಗಿನ ತುದಿಯಲ್ಲಿ ಮನೆಯ ಬೀಗದ ಕೈ ಗಂಟು ಹಾಕಿತ್ತು.